ಅಪೊಲೇನಾಳ ಗಿಂಡಿ

"ನೆಲಮಾಳಿಗೆ ಗೂಡಲ್ಲಿ ಒಂದು ಕಲ್ಲುಂಡೆ ಇದೆ. ಅದನ್ನ ಮುಟ್ಟಬೇಡಿ," ಎಂದಳು ಬ್ಲಜೆನಾ.

ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಉತ್ತರ ಕೊಡುವ ದನಿ ಅದು. ಕೆಲಸವನ್ನೂ ನಿಲ್ಲಿಸಲಿಲ್ಲ. ಸಾಲಿನಲ್ಲಿ ನಿಂತ ರೋಗಿಗಳ ಪಿಂಗಾಣಿ ಗಿಂಡಿಗಳನ್ನು ಒಂದೊಂದಾಗಿ ತೆಗೆದುಕೊಂಡು, ಬುಗ್ಗೆಯ ಹಿತ್ತಾಳೆ ಬಾಯಿಗೆ ಹಿಡಿದು, ತುಂಬಿಸಿ ವಾಪಸು ಕೊಡುತ್ತಿದ್ದಳು. ಬೆಳಗಿನ ಆರೂವರೆ. ಕಂಬಸಾಲಿನ ನಡುವೆ ಬಿಸಿನೀರಿನ ಹಬೆ ತುಂಬಿಕೊಂಡು ಎದುರಿಗೆ ನಿಂತವರ ಮುಖವೂ ಅರ್ಧವೇ ಕಾಣುತ್ತಿತ್ತು. ತುಕ್ಕಿನ ವಾಸನೆ, ಕೊಳೆತ ಮೊಟ್ಟೆಯ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಮನೆಯ ವಾಸನೆ.

ಹಿನೆಕ್ ಲೊರೆಂಟ್ಸ್ ಬ್ರ್ನೋ ನಗರದಿಂದ ಬಂದ ಜೀರ್ಣೋದ್ಧಾರದ ತಜ್ಞ. ಐವತ್ಮೂರು ವರ್ಷ. ಕೋಟಿನ ಜೇಬಿನಲ್ಲಿ ಸದಾ ಒಂದು ಸಣ್ಣ ಉಳಿ. ನಮ್ಮ ಕಂಬಸಾಲಿನ ತಳಪಾಯ ನೋಡಿ ಸರಿಪಡಿಸಲು ಅವನನ್ನು ಕರೆಸಿದ್ದರು. ಆ ಮನುಷ್ಯನದು ಒಂದೇ ಸಿದ್ಧಾಂತ: ಕಟ್ಟಡದ ಮೇಲೆ ಆಮೇಲೆ ಬಂದು ಕೂತದ್ದೆಲ್ಲ ಕಸ, ಕೆರೆದು ತೆಗೆದರೆ ಒಳಗೆ ಅಸಲು ಸಿಗುತ್ತದೆ. ಮೂವತ್ತು ವರ್ಷ ಅದನ್ನೇ ಮಾಡಿದ್ದ. ಬಣ್ಣ ಕೆರೆದು ಚಿತ್ರ ತೆಗೆದಿದ್ದ, ಗಾರೆ ಕೆರೆದು ಕಮಾನು ತೆಗೆದಿದ್ದ.

"ಮುಟ್ಟಿದ್ರೆ ಏನಾಗುತ್ತಮ್ಮ?" ಎಂದು ಕೇಳಿದ.

"ಬಾಯಾರುತ್ತೆ."

ಹಿನೆಕ್ ನಕ್ಕ. ಹದಿಮೂರು ಬುಗ್ಗೆ ಇರುವ ಊರಿನಲ್ಲಿ ಬಾಯಾರಿಕೆಯ ಹೆದರಿಕೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಲಿನಲ್ಲಿದ್ದ ನಮ್ಮೂರಿನವರು ಯಾರೂ ನಗಲಿಲ್ಲ. ಬ್ಲಜೆನಾ ಆಗ ಮೊದಲ ಸಲ ತಲೆಯೆತ್ತಿ ಅವನ ಮುಖವನ್ನು ಸರಿಯಾಗಿ ನೋಡಿದಳು.

"ನಿಜವಾಗಿ ನಕ್ಕಿರಲ್ಲ?" ಎಂದು ಕೇಳಿದಳು.

"ನಿಜವಾಗಿ."

ಅವಳು ತಲೆಯಾಡಿಸಿ ಮುಂದಿನವರ ಗಿಂಡಿಗೆ ಕೈ ಚಾಚಿದಳು.

ನಮ್ಮ ಕಾಮೆನೆ ಲಾಜ್ನೆಯಲ್ಲಿ ಹುಟ್ಟಿದವರಿಗೆ ಆ ಕತೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲರಾ ಬಂದ ವರ್ಷದ್ದು. ಆಗ ಬುಗ್ಗೆಯಲ್ಲಿ ನೀರು ತುಂಬಿಸಿ ಕೊಡುತ್ತಿದ್ದವಳು ಅಪೊಲೇನಾ. ನೀರಿನ ಬಣ್ಣ ಕೆಟ್ಟಿದೆ, ಈ ವಾರ ಕುಡಿಯಬೇಡಿ ಎಂದು ದೊಡ್ಡ ಮನುಷ್ಯರಿಗೆಲ್ಲ ಹೇಳಿದಳು. ಹೊರಗಿನವರು ಚಿಕಿತ್ಸೆಗೆ ಬರುವ ಋತು ನಡೆಯುತ್ತಿತ್ತು, ವಾದ್ಯದವರು ಬಾರಿಸುತ್ತಿದ್ದರು. ಎಲ್ಲರೂ ನಕ್ಕು ಕುಡಿದರು. ವಾರದಲ್ಲಿ ನಲವತ್ತು ಶವಪೆಟ್ಟಿಗೆ ಹೊರಟಾಗ ಅವೇ ಬಾಯಿಗಳು ಇದು ಅವಳದೇ ಮಾಟ ಎಂದವು. ಅವಳನ್ನು ಬುಗ್ಗೆಯ ಕೆಳಗಿನ ನೆಲಮಾಳಿಗೆಗೆ ತಳ್ಳಿ, ಕೊಳವೆ ಮುಚ್ಚಿ, ಬಾಗಿಲಿಗೆ ಮೊಳೆ ಹೊಡೆದರು. ಗೋಡೆಯ ಆಚೆ ನೀರು ಹರಿಯುವುದನ್ನು ಕೇಳುತ್ತ ಕೇಳುತ್ತ ಆರು ದಿನಕ್ಕೆ ಸತ್ತಳು. ಬಾಗಿಲು ತೆಗೆದಾಗ ಅವಳ ಗಿಂಡಿಯ ಕೊಕ್ಕಿಗೆ ಅವಳದೇ ಕೂದಲು ಸುತ್ತಿ ಏಳು ಗಂಟು ಹಾಕಿತ್ತು. ಮಾಟ ಮಾಡದಿದ್ದವಳಿಗೆ ಊರವರೇ ಮಾಟ ಕಲಿಸಿದರು. ಎಚ್ಚರಿಕೆಗೆ ನಕ್ಕವರಿಗೆ ನನ್ನ ಬಾಯಾರಿಕೆ ಎಂದು ಕೂಗುತ್ತಿದ್ದಳು ಅಂತ ಕಾವಲಿನವನು ಹೇಳಿದನಂತೆ.

ಆ ಗಿಂಡಿಯನ್ನು ಒಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಗೋಡೆಯ ಗೂಡಿನಲ್ಲಿಟ್ಟು ಬುಗ್ಗೆಯ ನೀರು ತೊಟ್ಟಿಕ್ಕುವ ಹಾಗೆ ಮಾಡಿದರು. ನಮ್ಮ ನೀರಿನ ಕೆಳಗೆ ಏನಿಟ್ಟರೂ ಕಲ್ಲು ಕಟ್ಟುತ್ತದೆ. ಕಾಗದದ ಗುಲಾಬಿಯನ್ನು ಎರಡು ವಾರ ಇಟ್ಟು ಕಲ್ಲಿನ ಗುಲಾಬಿ ಮಾಡಿ ಪ್ರವಾಸಿಗರಿಗೆ ಮಾರುತ್ತೇವೆ. ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ, ಋತು ಶುರುವಾಗುವ ದಿನ, ನೀರು ಕೊಡುವವಳು ಕೆಳಗಿಳಿದು ಆ ವರ್ಷದ ಮೊದಲ ಗಿಂಡಿ ನೀರನ್ನು ಕಲ್ಲುಂಡೆಯ ಮೇಲೆ ಸುರಿದು ಬರುತ್ತಾಳೆ. ಊರಿನ ಯಾವ ಅಧಿಕಾರಿಯೂ ಇದರ ಬಗ್ಗೆ ಕೇಳುವುದಿಲ್ಲ.

ಹಿನೆಕ್ ಒಬ್ಬನೇ ಬಂದಿರಲಿಲ್ಲ. ಹೆಂಡತಿ ಮಿಲುಶೆ ಜೊತೆಗಿದ್ದಳು. ಎರಡು ವರ್ಷದ ಹಿಂದೆ ಅವಳ ಜಠರವನ್ನು ಅರ್ಧ ಕೊಯ್ದು ತೆಗೆದಿದ್ದರು. ಆಮೇಲೆ ಅವಳು ಉಣ್ಣುವುದು, ಕಕ್ಕುವುದು, ಇವನು ತೊಳೆಯುವುದು. ಇಬ್ಬರೂ ದಣಿದಿದ್ದರು. ಅವಳು ನಕ್ಕು ಎಷ್ಟು ದಿನವಾಯಿತು ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಕಾರ್ಮಿಕ ಸಂಘದ ಚೀಟಿಯಲ್ಲಿ ಆರು ವಾರದ ಚಿಕಿತ್ಸೆ ಸಿಕ್ಕಿತ್ತು, ದಿನಕ್ಕೆ ಮೂರು ಗಿಂಡಿ ನೀರು, ನಡೆಯುತ್ತ ಗುಟುಕು ಗುಟುಕಾಗಿ ಕುಡಿಯಬೇಕು. ಮೂರನೆಯ ವಾರ, 'ಮೂರು ಗಿಳಿ' ಎಂಬ ತಂಗುಮನೆಯ ಊಟದ ಕೋಣೆಯಲ್ಲಿ, ಅವಳು ಸಾರಿನಲ್ಲಿ ಅದ್ದಿದ ಕ್ನೆಡ್ಲಿಕ್ ಕಡುಬು ನಾಲ್ಕು ಹೋಳು ತಿಂದಳು. ಅರಗಿಸಿಕೊಂಡಳು. ಹಿನೆಕ್ ಮೆಟ್ಟಿಲಿನ ಮೇಲೆ ಕೂತು ಯಾರಿಗೂ ಕಾಣದ ಹಾಗೆ ಅತ್ತ. ಇವಳು ಬದುಕುತ್ತಾಳೆ ಎಂದು ಅವನಿಗೆ ಅನಿಸಿದ್ದು ಅದೇ ಮೊದಲು.

ಮರುದಿನ ಅವನು ಹಗುರ ಮನಸ್ಸಿನಿಂದ ನೆಲಮಾಳಿಗೆಗೆ ಇಳಿದ. ಮೇಸ್ತ್ರಿ ಮೇಲೆಯೇ ನಿಂತ. "ಅದು ಬರಲ್ಲ ಸಾರ್. ನಮ್ಮಪ್ಪ ಹಾರೆ ಹಾಕಿ ಮೀಟಿದ್ದ, ಹಾರೆ ಬಗ್ಗಿತು," ಎಂದ. ಒಳಗೆ ಹಗಲಲ್ಲೂ ಕಗ್ಗತ್ತಲು. ದೀಪದ ಬೆಳಕು ಹಬೆಯಲ್ಲಿ ಎರಡು ಮೊಳ ಹೋಗಿ ಸಾಯುತ್ತಿತ್ತು. ಗೋಡೆಯ ಹಿಂದೆ ನೀರು ಗುಳುಗುಳು ಎನ್ನುತ್ತಿತ್ತು, ಯಾರೋ ಆತುರದಲ್ಲಿ ನುಂಗುತ್ತಿರುವ ಹಾಗೆ. ಗೂಡಿನಲ್ಲಿ ತಲೆಬುರುಡೆ ಗಾತ್ರದ ಕಂದು ಉಂಡೆ. ಹಿನೆಕ್ ಉಳಿಯನ್ನು ಜೇಬಿನಿಂದ ತೆಗೆಯುವ ಮೊದಲು ಸುಮ್ಮನೆ ಕೈಯಿಟ್ಟ. ಉಂಡೆ ಮಾಗಿದ ಹಣ್ಣಿನ ಹಾಗೆ ಗೋಡೆ ಬಿಟ್ಟು ಅವನ ಅಂಗೈಗೆ ಬಂದು ಕೂತಿತು.

ಒಂದು ಚಕ್ಕೆ ಒಡೆದು ನೋಡಿದ. ಚಳಿಗಾಲದಲ್ಲಿ ಕೆಳಗಿನ ಕೊಳವೆ ನಿಲ್ಲಿಸುವುದರಿಂದ ವರ್ಷಕ್ಕೊಂದು ಕಪ್ಪು ಗೆರೆ ಬೀಳುತ್ತದೆ. ಕನ್ನಡಕ ಏರಿಸಿ ಎಣಿಸಿದ. ನಲವತ್ತೊಂದು ಪದರ. ಮತ್ತೆ ಎಣಿಸಿದ. ನಲವತ್ತೊಂದೇ. ಕಾಲರಾ ಕಾಲದ ಶಾಪವಂತೆ, ಕಲ್ಲಿಗೆ ನಲವತ್ತೊಂದೇ ವರ್ಷ! ಯಾವನೋ ಹೋಟೆಲಿನವನು ಗಿರಾಕಿಗಳಿಗಾಗಿ ಕಟ್ಟಿದ ನಾಟಕ ಎಂದು ತೀರ್ಮಾನಿಸಿದ. ಎಣಿಕೆ ಸರಿಯಾಗಿತ್ತು. ತೀರ್ಮಾನ ತಪ್ಪಾಗಿತ್ತು.

ತಂಗುಮನೆಯ ಸ್ನಾನದ ಕೋಣೆಯಲ್ಲಿ, ಬಕೆಟ್ಟಿನ ತುಂಬ ವಿನೆಗರ್ ಸುರಿದು ಉಂಡೆಯನ್ನು ಮುಳುಗಿಸಿಟ್ಟ. ಚಹಾದ ಕೆಟಲಿಗೆ ಸುಣ್ಣ ಕಟ್ಟಿದರೆ ನಮ್ಮ ಹೆಂಗಸರು ಮಾಡುವುದೂ ಅದನ್ನೇ. ನಾಲ್ಕು ದಿನ ಅದು ಬುಸುಗುಟ್ಟಿತು. ಹುಳಿ ವಾಸನೆಗೆ ಕಣ್ಣುರಿಯುತ್ತಿತ್ತು. ಅದರಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಬಹಳ ದಿನ ಬಾಚದ ತಲೆಯದು. ಐದನೆಯ ದಿನ ಗಿಂಡಿ ಹೊರಬಂತು. ಬಿಳಿ ಪಿಂಗಾಣಿ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಪುಟ್ಟ ಹೂವು, ಹಿಡಿಕೆಯೇ ಕೊಳವೆಯಾಗಿ ಮೇಲಕ್ಕೆ ಬಾಗಿದ ಕೊಕ್ಕು. ಕೊಕ್ಕಿಗೆ ಕಪ್ಪು ಕೂದಲು ಸುತ್ತಿತ್ತು. ಒಂದು ಎಳೆಯೂ ನರೆತಿರಲಿಲ್ಲ. ಹಿನೆಕ್ ಉಗುರಿನ ಕತ್ತರಿಯಿಂದ ಏಳು ಗಂಟನ್ನೂ ಕತ್ತರಿಸಿ ಬಚ್ಚಲಿಗೆ ಹಾಕಿದ. ಎಷ್ಟು ನೀರು ಬಿಟ್ಟರೂ ಕೂದಲು ಕೆಳಗೆ ಹೋಗಲಿಲ್ಲ.

ಅದೇ ಬೆಳಿಗ್ಗೆ ಮಿಲುಶೆಯ ಗಿಂಡಿ ಕಬ್ಬಿಣದ ಕಟಾಂಜನಕ್ಕೆ ತಗುಲಿ ಒಡೆದಿತ್ತು. ಇನ್ನೊಬ್ಬರ ಗಿಂಡಿಯಲ್ಲಿ ಕುಡಿಯಬಾರದು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅವನಿಗೆ ತಾನು ಕೆರೆದು ತೆಗೆದ ಅಸಲನ್ನು ಯಾರಿಗಾದರೂ ತೋರಿಸುವ ಆಸೆ. ತೊಳೆದು, ಒರೆಸಿ, ಕರವಸ್ತ್ರದಲ್ಲಿ ಸುತ್ತಿ ಹೆಂಡತಿಗೆ ಕೊಟ್ಟ. ಅವಳು ಹೂವಿನ ಮೇಲೆ ಬೆರಳಾಡಿಸಿ, ಎಷ್ಟೋ ವರ್ಷದಿಂದ ನೀನು ನನಗೆ ಏನೂ ತಂದುಕೊಟ್ಟಿರಲಿಲ್ಲ ಎಂದಳು.

ಬ್ಲಜೆನಾ ಆ ಗಿಂಡಿಯನ್ನು ಕೈಗೆ ತೆಗೆದುಕೊಂಡು ಬರಿದಾದ ಕೊಕ್ಕನ್ನು ಸವರಿದಳು. ಮಿಲುಶೆಯ ಮುಖ ನೋಡಿದಳು, ಹಿಂದೆ ನಿಂತ ಹಿನೆಕನನ್ನು ನೋಡಿದಳು. ಆಮೇಲೆ ತುಂಬಿಸಿ ಕೊಟ್ಟಳು. ಅದನ್ನು ನಾನು ಕ್ಷಮಿಸಿಲ್ಲ.

"ತಣ್ಣಗಿದೆ," ಎಂದಳು ಮಿಲುಶೆ. ಬುಗ್ಗೆಯಿಂದ ಬರುವುದು ಕೈ ಸುಡುವ ನೀರು. ಮತ್ತೆ ಒಂದು ಗಿಂಡಿ ಕೇಳಿದಳು. ಮತ್ತೆ ಒಂದು.

ಮೂರನೆಯ ದಿನಕ್ಕೆ ಅವಳು ಮೂವತ್ತು ಗಿಂಡಿ ಕುಡಿಯುತ್ತಿದ್ದಳು. ಕುಡಿದಷ್ಟೂ ತುಟಿ ಒಣಗುತ್ತಿತ್ತು. ಕಡುಬನ್ನು ತಟ್ಟೆಯಲ್ಲೇ ಬಿಟ್ಟಳು. ನಾಲಿಗೆಯ ಮೇಲೆ ಕಂದು ಪೊರೆ ಕಟ್ಟಿತು. ಬೆರಳಿಂದ ಕೆರೆದರೆ ಮರಳಿನ ಹಾಗೆ ಉದುರಿತು. ವೈದ್ಯರು ನೀರು ನಿಲ್ಲಿಸಿ ಎಂದರು. ನಿಲ್ಲಿಸಿದ ಅರ್ಧ ಗಂಟೆಗೆ ಅವಳು ಹೂದಾನಿಯ ನೀರು ಕುಡಿದಳು. ಮಾತಾಡಿದರೆ ಗಂಟಲೊಳಗೆ ಕಲ್ಲಿಗೆ ಕಲ್ಲು ಉಜ್ಜಿದ ಸದ್ದು. ಮಲಗಿದಾಗ ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ, ಹಿನೆಕ್ ಎತ್ತಿ ತಿರುಗಿಸಬೇಕಿತ್ತು. ಎರಡು ವರ್ಷದ ಕಾಯಿಲೆಯಲ್ಲಿ ಅವಳು ಅಷ್ಟು ಭಾರ ಯಾವತ್ತೂ ಇರಲಿಲ್ಲ.

ಅವನು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಮಧ್ಯಾಹ್ನದ ರೈಲು ಹತ್ತಿಸಿದ. ಊರು ಮುಗಿದ ಕೂಡಲೇ ಸುರಂಗ. ದೀಪ ಆರಿತು. ಹೊಗೆ ನುಗ್ಗಿತು. ಕತ್ತಲಲ್ಲಿ ಅವಳ ಕೈ ಅವನ ಮಣಿಕಟ್ಟು ಹಿಡಿಯಿತು. ತಣ್ಣಗಿತ್ತು. ಗಟ್ಟಿಯಾಗಿತ್ತು. ಅವಳ ಉಸಿರು ಕೇಳಿಸಲಿಲ್ಲ. ಅವನು ಕೂಗಿದ. ಅವಳ ಬಾಯಿಗೆ ಬೆರಳು ಹಾಕಿದ. ಗಂಟಲಿರಬೇಕಾದ ಕಡೆ ಒರಟು ಕಲ್ಲು. ಸರಪಳಿ ಎಳೆದ. ಗಾಲಿಗಳು ಕಿರುಚಿದವು. ಅವಳನ್ನು ಹೊತ್ತ. ಸುರಂಗದ ಬಾಯಿಯ ಬೆಳಕಿನ ಕಡೆಗೆ ಓಡಿದ. ಮೊಣಕಾಲು ಕುಸಿಯಿತು. ಎದ್ದ. ಓಡಿದ. ದೂರದಲ್ಲಿ ಬುಗ್ಗೆಯ ಸದ್ದು ಕೇಳಿಸಿದ ಕ್ಷಣ ಅವಳ ಎದೆ ಒಮ್ಮೆ ಮೇಲೆದ್ದಿತು.

ತಂಗುಮನೆಯಲ್ಲಿ ಅವಳನ್ನು ಮಲಗಿಸಿ, ಗಿಂಡಿ ಹಿಡಿದು ಬ್ಲಜೆನಾಳ ಬಳಿಗೆ ಬಂದಾಗ ಮೂರು ಗಂಟೆ. ಮಧ್ಯಾಹ್ನದ ನೀರಿನ ಸಾಲು ಇನ್ನೂ ಸೇರಿರಲಿಲ್ಲ. ಅವನಿಗೆ ನಗುವುದಿರಲಿ, ನಿಲ್ಲುವುದಕ್ಕೂ ಶಕ್ತಿಯಿರಲಿಲ್ಲ.

"ಅವಳನ್ನ ಬಿಡಿಸೋಕೆ ಏನು ಮಾಡ್ಲಿ, ಹೇಳಿ," ಎಂದ.

"ಕಲ್ಲಿಂದ ತೆಗೆದವರು ಅದರಲ್ಲಿ ಕುಡೀಬೇಕು. ಕೆಳಗೆ, ಅಪೊಲೇನಾ ಸತ್ತ ಜಾಗದಲ್ಲಿ, ಒಂದೇ ಉಸಿರಿಗೆ. ಆಗ ನಿಮ್ಮ ಹೆಂಡತೀನ ಬಿಟ್ಟು ನಿಮ್ಮನ್ನ ಹಿಡಿಯುತ್ತೆ. ಕುಡಿದು ಗಿಂಡೀನ ಗೂಡಲ್ಲಿಟ್ಟು ಬನ್ನಿ."

"ಆಮೇಲೆ?"

"ಆಮೇಲಿಂದು ಆಮೇಲೆ. ನಿಮ್ಮನ್ನ ಬಲವಂತ ಮಾಡಲ್ಲ."

ಅವನು ಇಳಿದ. ದೀಪ ಮೂರನೆಯ ಮೆಟ್ಟಿಲಿಗೇ ಆರಿಹೋಯಿತು. ಹಬೆ ಮುಖಕ್ಕೆ ಒದ್ದೆ ಬಟ್ಟೆಯ ಹಾಗೆ ಅಂಟಿತು. ಕೈಯಿಂದ ಗೋಡೆ ಸವರುತ್ತ ಹೋದ. ಗೂಡು ಸಿಕ್ಕಿತು. ತೊಟ್ಟಿಕ್ಕುವ ನೀರಿಗೆ ಗಿಂಡಿ ಹಿಡಿದ. ಹನಿ. ಹನಿ. ಹನಿ. ತುಂಬುವಷ್ಟರಲ್ಲಿ ಗೋಡೆಯ ಹಿಂದಿನ ಗುಳುಗುಳು ನಿಂತಿತು. ಕಿವಿಯಲ್ಲಿ ತನ್ನದೇ ರಕ್ತದ ಸದ್ದು. ಕೊಕ್ಕನ್ನು ಬಾಯಿಗಿಟ್ಟ. ಹೀರಿದ. ಎದುರಿಂದ ಯಾರೋ ಬಾಗಿದರು. ಗಿಂಡಿಯ ಅಂಚಿಗೆ ಇನ್ನೊಂದು ಬಾಯಿ ಬಂದು ಕೂತಿತು. ಉದ್ದ ಕೂದಲು ಅವನ ಮಣಿಕಟ್ಟಿನ ಮೇಲೆ ಬಿತ್ತು. ಒಣಗಿತ್ತು. ಆ ಬಾಯಿಯೂ ಹೀರುತ್ತಿತ್ತು. ಅವನು ನಿಲ್ಲಿಸಲಿಲ್ಲ. ಮಿಲುಶೆ ಎಂದುಕೊಂಡ. ಹೀರಿದ. ಮಿಲುಶೆ. ಹೀರಿದ. ಗಿಂಡಿ ಬರಿದಾಯಿತು. ಹತ್ತಿರದಲ್ಲೇ ಯಾರೋ ಬಾಯಿ ಒರೆಸಿಕೊಂಡ ಸದ್ದಾಯಿತು.

ಗಿಂಡಿಯನ್ನು ಗೂಡಿನಲ್ಲಿಟ್ಟು ಮೇಲೆ ಬಂದಾಗ ಬ್ಲಜೆನಾ ಬುಗ್ಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಕರವಸ್ತ್ರಕ್ಕೆ ಉಗುಳುತ್ತಿದ್ದಳು. ಕಂದು ಚಕ್ಕೆಗಳು, ಒಂದರ ಮೇಲೊಂದು. ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ಅದನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಹಿನೆಕನಿಗೆ ಆಗ ಪದರಗಳ ಲೆಕ್ಕ ಹೊಳೆಯಿತು. ನಲವತ್ತೊಂದು ವರ್ಷವಾ ಎಂದು ಕೇಳಿದ. ಕೇಳುವಾಗಲೇ ಗಂಟಲು ಅಂಟಿತು.

"ಋತು ಶುರುವಾದಾಗ ನಲವತ್ತೊಂದು ತುಂಬಿತು," ಎಂದಳು. "ನಾನು ಪ್ರಾಗ್‌ನಿಂದ ಗೆಳತಿಯರ ಜೊತೆ ಬಂದಿದ್ದೆ. ಇಪ್ಪತ್ತೆರಡು ವರ್ಷ. ಇಲ್ಲಿ ನಿಂತಿದ್ದ ಮುದುಕಿ ಮುಟ್ಟಬೇಡ ಅಂದ್ಲು. ನಕ್ಕೆ."

"ಮತ್ತೆ ನನಗೆ ಯಾಕೆ ಹೇಳಿದ್ರಿ?"

"ಹೇಳದೇ ಇದ್ರೆ ಅದು ಗೋಡೆ ಬಿಟ್ಟು ಬರಲ್ಲ ಸಾರ್. ಇಲ್ಲಿ ನೀರು ಕೊಡೋರೇ ಹೇಳಬೇಕು, ಕೇಳಿದೋರು ನಗಬೇಕು. ಬಂದ ಹೊಸಬರಿಗೆಲ್ಲ ಹೇಳ್ತಾ ಬಂದೆ. ಎಲ್ಲಾ ಹೆದರಿಕೊಂಡ್ರು. ನೀವೊಬ್ರೇ ನಕ್ಕಿದ್ದು." ಕರವಸ್ತ್ರಕ್ಕೆ ಇನ್ನೊಂದು ಚಕ್ಕೆ ಉಗುಳಿದಳು. "ನಿಮ್ಮ ಹೆಂಡತಿ ಗಿಂಡಿ ಚಾಚಿದಾಗ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಸುಸ್ತಾಗಿತ್ತು."

ಏಪ್ರನ್ ಬಿಚ್ಚಿ, ಮಡಿಸಿ, ಅವನ ಕೈಗಿಟ್ಟಳು. ಸುರಂಗ ದಾಟಬೇಡಿ, ಗಂಟೆಗೊಮ್ಮೆ ಕುಡಿಯಿರಿ, ಬೇರೆ ಯಾವ ನೀರೂ ಇಳಿಯುವುದಿಲ್ಲ ಎಂದು ಹೇಳಿ ಕೋಟು ಹಾಕಿಕೊಂಡಳು.

ಮಿಲುಶೆ ಎರಡು ದಿನದಲ್ಲಿ ಎದ್ದು ಕೂತಳು. ವಾರ ಕಳೆಯುವಷ್ಟರಲ್ಲಿ ಒಂದೇ ಊಟಕ್ಕೆ ಆರು ಹೋಳು ಕಡುಬು ತಿಂದಳು. ಹಿನೆಕ್ ಅವಳಿಗೆ ನಿಜ ಹೇಳಲಿಲ್ಲ. ಇಲ್ಲಿನ ಕೆಲಸ ಬೆಳೆದಿದೆ, ಬಿಟ್ಟು ಬರಲು ಆಗುವುದಿಲ್ಲ ಎಂದ. ಅವಳು ನಂಬದೆ ಜಗಳವಾಡಿ, ಅತ್ತು, ಕೊನೆಗೆ ಒಬ್ಬಳೇ ರೈಲು ಹತ್ತಿದಳು. ಅವಳ ಎದುರಿನ ಆಸನದಲ್ಲಿ, ಹಳೆಯ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬ್ಲಜೆನಾ ಕೂತಿದ್ದಳು. ಹಿನೆಕ್ ಅದನ್ನು ನೋಡಿದ. ಬ್ರ್ನೋ ಮುಟ್ಟಲು ಆರು ಗಂಟೆಯ ಪ್ರಯಾಣ, ಮಾತಾಡಲು ಬೇಕಾದಷ್ಟು ಸಮಯ ಎಂಬುದು ಅವನಿಗೆ ಹೊಳೆಯುವಷ್ಟರಲ್ಲಿ ರೈಲು ಸುರಂಗ ಹೊಕ್ಕಿತ್ತು.

ಆಮೇಲೆ ಮಿಲುಶೆ ಎರಡು ವಾರಕ್ಕೊಮ್ಮೆ ಶನಿವಾರ ಬರುತ್ತಿದ್ದಳು. ಅವನು ಏಪ್ರನ್ ಕಟ್ಟಿಕೊಂಡು ನೀರು ಕೊಡುತ್ತಿದ್ದ, ಅವಳು ಪಕ್ಕದ ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದಳು. ಸಾಲು ಕರಗಿದ ಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ.

"ಕೆಳಗೆ ಏನಿದೆ ಹಿನೆಕ್? ನಾನು ಮುಟ್ಟಬಾರದ್ದು ಏನಾದ್ರೂ ಇದೆಯೇನೋ?"

ಅವಳ ಚೀಲದಲ್ಲಿ ಬಾಟಲಿಗಳು ಒಂದಕ್ಕೊಂದು ತಗುಲುವ ಸದ್ದು ಅವನಿಗೆ ಕೇಳಿಸುತ್ತಿತ್ತು. ವಿನೆಗರಿನ ವಾಸನೆಯೂ ಬರುತ್ತಿತ್ತು. ಅವನು ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಮಾತ್ರವಲ್ಲ, ಯಾರಿಗೂ ಎಚ್ಚರಿಕೆ ಹೇಳಲಿಲ್ಲ. ಹೊಸಬರು ಕೆಳಗೆ ಏನಿದೆ ಎಂದರೆ ಇಲಿ ಎನ್ನುತ್ತಿದ್ದ. ಹೇಳದಿದ್ದರೆ ಯಾರಿಗೂ ಅದು ಬರುವುದಿಲ್ಲ, ತನ್ನ ಜೊತೆಗೇ ಮುಗಿಯುತ್ತದೆ ಎಂಬುದೊಂದೇ ಅವನಿಗೆ ಉಳಿದಿದ್ದ ಹೆಮ್ಮೆ. ನಾಲಿಗೆ ಒರಟಾಗುತ್ತ ಬಂತು. ಮೊಣಕಾಲು ಮಡಿಸಲು ಬಾರದಾಯಿತು. ಬೆಳಿಗ್ಗೆ ಏಳುವುದಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಆದರೂ ಸುಮ್ಮನಿದ್ದ.

ಮೂರನೆಯ ಮೇ ತಿಂಗಳ ಮೊದಲ ಭಾನುವಾರ, ಋತುವಿನ ಮೊದಲ ಗಿಂಡಿ ನೀರು ಹಿಡಿದು ಅವನು ನೆಲಮಾಳಿಗೆಗೆ ಇಳಿದ. ಮಿಲುಶೆ ಶನಿವಾರವೇ ಬಂದವಳು ಹಿಂದೆಯೇ ಇಳಿದಳು. ಬರಬೇಡ ಎಂದರೂ ಅದು ಎಚ್ಚರಿಕೆಯಾದೀತೋ ಏನೋ ಎಂದು ಹೆದರಿ ಅವನು ತುಟಿ ಕಚ್ಚಿಕೊಂಡ. ಉಂಡೆಯ ಮೇಲೆ ನೀರು ಸುರಿದ. ತಿರುಗುವಷ್ಟರಲ್ಲಿ ಅವಳು ಕತ್ತಲಲ್ಲಿ ಎಡವಿದಳು, ಬೀಳದಿರಲು ಕೈ ಚಾಚಿದಳು, ಕೈ ನೇರ ಗೂಡಿನ ಕಡೆಗೆ ಹೋಯಿತು. ಅವನು ಯೋಚಿಸಲಿಲ್ಲ.

"ಮಿಲುಶೆ, ಬೇಡ. ಅದನ್ನ ಮುಟ್ಟಬೇಡ."

ಹೇಳಿದ ಮೇಲೆ ಅವನ ಕೈ ತನ್ನ ಬಾಯಿಗೆ ಹೋಯಿತು. ಅವಳು ಎಡವಿರಲಿಲ್ಲ. ನೆಟ್ಟಗೆ ನಿಂತಿದ್ದಳು. ದೀಪದ ಬೆಳಕಿನಲ್ಲಿ ಅವಳ ಕಣ್ಣು ಒದ್ದೆಯಾಗಿತ್ತು. ಮೂರು ವರ್ಷದಿಂದ ಈ ಮಾತಿಗೆ ಕಾಯುತ್ತಿದ್ದವಳ ಮುಖ ಅದು.

"ಮುಟ್ಟಿದ್ರೆ ಏನಾಗುತ್ತೋ?" ಎಂದಳು.

ಅವನು ತಲೆಯಲ್ಲಾಡಿಸಿದ. ಅವಳ ಕಾಲು ಹಿಡಿಯಲು ಬಾಗಿದ, ಮೊಣಕಾಲು ಬಾಗಲಿಲ್ಲ.

ಮಿಲುಶೆ ನಕ್ಕಳು. ಅವರಿಬ್ಬರಿಗೂ ಮರೆತೇಹೋಗಿದ್ದ ನಗು. ಮದುವೆಯ ಹೊಸತರಲ್ಲಿ ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು ಜೋರಾಗಿ ನಗುತ್ತಿದ್ದ ಹೆಂಗಸು, ಹಾಗೇ ನಕ್ಕಳು. ನಗುತ್ತಲೇ ಗೂಡಿಗೆ ಕೈಯಿಟ್ಟಳು. ಉಂಡೆ ಮಾಗಿದ ಹಣ್ಣಿನ ಹಾಗೆ ಅವಳ ಅಂಗೈಗೆ ಬಂದು ಕೂತಿತು. ಬಹಳ ಚಿಕ್ಕದಾಗಿತ್ತು. ಅದರ ಮೇಲೆ ಇನ್ನೂ ಮೂರೇ ಪದರ ಕಟ್ಟಿತ್ತು.